ಕಿವಿಯಲ್ಲಿ ನೋವು, ತೊಂದರೆ ದವಡೆಯಲ್ಲಿ: ಮನೆಯಲ್ಲೇ ಗುರುತಿಸುವುದು, ಸರಿಯಾದ ಡಾಕ್ಟರ ಬಳಿ ಹೋಗುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯಿಂದ ಫೋರ್ಟ್‌ಗೆ 19 ವರ್ಷಗಳಿಂದ ಲೋಕಲ್ ರೈಲಿನಲ್ಲಿ ಓಡಾಡುತ್ತಿದ್ದೇನೆ. ಒಂದು ಮಳೆಗಾಲದಲ್ಲಿ ಎಡಗಿವಿ ನೋಯಲು ಶುರುವಾಯಿತು. ಬಾಗಿಲ ಹತ್ತಿರ ನಿಂತು ಗಾಳಿ ಹೊಡೆದಿರಬೇಕು ಅಂದುಕೊಂಡೆ. ಕುಂದಾಪುರದಿಂದ ಅಮ್ಮ ಫೋನಿನಲ್ಲಿ "ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆ ಎರಡು ತೊಟ್ಟು ಬಿಡು ಮಗಾ" ಅಂದರು. ಬಿಟ್ಟೆ. ಆಮೇಲೆ ಕೆಮಿಸ್ಟ್ ಕೊಟ್ಟ ಡ್ರಾಪ್ಸ್. ಆಮೇಲೆ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್, ಅದೂ ಮೂರು ಸಲ. ನಾಲ್ಕು ದಿನ ಕಡಿಮೆ ಅನ್ನಿಸುತ್ತಿತ್ತು, ಮತ್ತೆ ಅದೇ ನೋವು.

ಎಂಟು ತಿಂಗಳು ಕಳೆದ ಮೇಲೆ ಒಬ್ಬ ಇಎನ್‌ಟಿ ಡಾಕ್ಟರು ಕಿವಿಯೊಳಗೆ ಲೈಟ್ ಹಾಕಿ ನೋಡಿದರು. ಕಿವಿ ಚೆನ್ನಾಗಿದೆ, ಏನೂ ಇಲ್ಲ ಅಂದರು. ನನಗೆ ಅಳುವೇ ಬಂತು. ಇಷ್ಟು ನೋಯುತ್ತಿದೆ, ಏನೂ ಇಲ್ಲ ಅಂತಾರಲ್ಲ! ಅವರು ಅಷ್ಟಕ್ಕೆ ಕಳಿಸಲಿಲ್ಲ. ಎರಡೂ ಕಿವಿಗಳ ಮುಂದೆ ಒಂದೊಂದು ಬೆರಳಿಟ್ಟು, ಬಾಯಿ ತೆರೆದು ಮುಚ್ಚಲು ಹೇಳಿದರು. ಎಡಗಡೆ ಬೆರಳು ಒತ್ತಿದ ಜಾಗದಲ್ಲೇ ನನ್ನ ಎಂಟು ತಿಂಗಳ ನೋವು ಕೂತಿತ್ತು.

ಅಂದಿನಿಂದ ನಮ್ಮ ಬಿಲ್ಡಿಂಗ್‌ನಲ್ಲಿ, ಆಫೀಸಿನಲ್ಲಿ, ನೆಂಟರಲ್ಲಿ ಯಾರಾದರೂ "ಕಿವಿ ನೋವು, ಆದರೆ ಡಾಕ್ಟರು ಕಿವಿ ಸರಿ ಇದೆ ಅಂದರು" ಅಂದರೆ ನಾನು ತಡೆದು ಕೂರಿಸಿ ಮಾತಾಡುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಕಿವಿ ಸರಿ ಇದೆ ಅಂದರೆ ನೋವು ಸುಳ್ಳು ಅಂತ ಅರ್ಥವಲ್ಲ. ಹುಡುಕಬೇಕಾದ ಜಾಗ ಎರಡು ಬೆರಳಿನಷ್ಟು ಮುಂದಿದೆ, ಅಷ್ಟೇ.

ದವಡೆ ನೋವು ಕಿವಿಯಲ್ಲಿ ಯಾಕೆ ಕಾಣಿಸುತ್ತದೆ?

ಕಿವಿ ತೂತಿನ ಮುಂದೆ ಪುಟ್ಟ ಬಾಗಿಲಿನ ಹಾಗೆ ಒಂದು ಮೆದು ತುಣುಕು ಇದೆ ಅಲ್ವಾ? ಅದರ ಸ್ವಲ್ಪ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಚರ್ಮದ ಕೆಳಗೆ ಏನೋ ಜಾರಿದ ಹಾಗಾಗುತ್ತದೆ. ಅದೇ ದವಡೆ ಕೀಲು. ಡಾಕ್ಟರುಗಳು ಇದನ್ನು ಟಿಎಂಜೆ ಅನ್ನುತ್ತಾರೆ. ಕಿವಿಯ ಕೊಳವೆಗೂ ಈ ಕೀಲಿಗೂ ನಡುವೆ ಇರುವುದು ತೆಳುವಾದ ಗೋಡೆ.

ಇದು ಬಾಗಿಲಿನ ತಿರುಗಣಿಯ ಹಾಗೆ ತಿರುಗುತ್ತದೆ, ಜೊತೆಗೆ ಡ್ರಾಯರ್‌ನ ಹಾಗೆ ಮುಂದಕ್ಕೂ ಜಾರುತ್ತದೆ. ಎರಡು ಮೂಳೆಗಳ ನಡುವೆ ಗಾದಿಯಂಥ ಒಂದು ಡಿಸ್ಕ್ ಇದೆ. ಅದು ಜಾಗ ತಪ್ಪಿ ಮತ್ತೆ ಕೂತಾಗ 'ಕಟ್' ಅನ್ನುವ ಶಬ್ದ ಬರುತ್ತದೆ. ಕೀಲನ್ನು ಆಡಿಸುವ ಸ್ನಾಯುಗಳು ಕೆನ್ನೆಯಲ್ಲಿ, ಕಪಾಲದ ಪಕ್ಕದಲ್ಲಿ (ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯಲ್ಲಿ), ಬಾಯಿಯ ಒಳಗಡೆ ಇವೆ. ಹಲ್ಲು ಕಚ್ಚಿ ಹಿಡಿದರೆ ಕೆನ್ನೆಯಲ್ಲಿ ಉಬ್ಬುವುದು ಅಂಥದೊಂದು ಸ್ನಾಯು. ಹೆಚ್ಚಿನವರಲ್ಲಿ ನೋವು ಶುರುವಾಗುವುದು ಈ ಸ್ನಾಯುಗಳಲ್ಲೇ, ದಣಿದು ಬಿಗಿದುಕೊಂಡು.

ದವಡೆ ಕೀಲಿಗೂ ಕಿವಿಯ ಕೊಳವೆಯ ಮುಂಭಾಗಕ್ಕೂ ಹೋಗುವ ನರ ಒಂದೇ. ಕೀಲು ನೊಂದರೂ ಕಿವಿ ನೊಂದರೂ ಸುದ್ದಿ ಮಿದುಳಿಗೆ ಒಂದೇ ದಾರಿಯಲ್ಲಿ ಹೋಗುತ್ತದೆ. ಯಾವ ಮನೆಯಿಂದ ಬಂತು ಎಂದು ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಕಿವಿ ನೋವು, ಕಿವಿ ಮುಚ್ಚಿದ ಹಾಗೆ ಅನ್ನಿಸುವುದು, ಕೆಲವರಿಗೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಇವೆಲ್ಲ ದವಡೆಯಿಂದಲೂ ಬರಬಹುದು.

ಇದು ಹೊಸ ಸಂಗತಿಯಲ್ಲ. 1934ರಲ್ಲೇ ಅಮೆರಿಕದ ಜೇಮ್ಸ್ ಕಾಸ್ಟನ್ ಎಂಬ ಇಎನ್‌ಟಿ ವೈದ್ಯರು ಕಿವಿಯ ತೊಂದರೆ ಹೇಳಿಕೊಂಡು ಬಂದವರಲ್ಲಿ ದವಡೆಯ ಸಮಸ್ಯೆ ಕಂಡು ಬರೆದಿದ್ದರು. ಅವರು ಕೊಟ್ಟ ಕಾರಣ ಆಮೇಲೆ ನಿಲ್ಲಲಿಲ್ಲ. ಅವರು ಕಂಡದ್ದು ಮಾತ್ರ ನಿಂತಿತು. 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಜಾಸ್ತಿ.

ಮೊದಲು ಇದನ್ನು ಓದಿ: ಕಾಯಬಾರದ ಸಂದರ್ಭಗಳು

ಕೆಳಗಿನ ಯಾವುದಾದರೂ ಇದ್ದರೆ ಮನೆಮದ್ದು ಬೇಡ, ಈ ಲೇಖನವನ್ನೂ ಪಕ್ಕಕ್ಕಿಡಿ, ಡಾಕ್ಟರ ಬಳಿ ಹೋಗಿ.

ಕಿವಿ ಸೋರುತ್ತಿದೆ, ರಕ್ತ ಬರುತ್ತಿದೆ, ಜ್ವರ ಇದೆ, ಕಿವಿಯ ಹಿಂದೆ ಊತ ಇದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸುತ್ತಿಲ್ಲ. ಮುಖದ ಒಂದು ಬದಿ ಸೋತಿದೆ, ಕಣ್ಣು ಮುಚ್ಚಲಾಗುತ್ತಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ರಾತ್ರಿ ನಿದ್ದೆ ಕೆಡಿಸುವಂಥ ಕಿವಿ ನೋವು ಬಂದಿದೆ. ಇದನ್ನು ಸುಮ್ನೆ ಬಿಟ್ಟರೆ ಸೋಂಕು ಮೂಳೆಗೆ ಇಳಿಯಬಹುದು.

ದವಡೆ ನೋವಿನ ಜೊತೆ ಎದೆ ಹಿಡಿದ ಹಾಗೆ, ಬೆವರು, ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಅದು ಹೃದಯಾಘಾತ ಇರಬಹುದು. ಮೆಟ್ಟಿಲು ಹತ್ತಿದಾಗ ಬಂದು, ನಿಂತಾಗ ಹೋಗುವ ದವಡೆ ನೋವನ್ನೂ ಹಲ್ಲಿನ ನೋವು ಎಂದು ತಳ್ಳಿಹಾಕಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

50 ದಾಟಿದವರಿಗೆ ಹೊಸದಾಗಿ ಕಪಾಲದ ಪಕ್ಕ ತಲೆನೋವು, ತಲೆ ಬಾಚಿದರೂ ನೋವು, ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುವುದು, ಕಣ್ಣು ಮಂಜಾಗುವುದು. ಇದು ರಕ್ತನಾಳದ ಉರಿಯೂತ ಇರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿ ಹೋಗುವ ಅಪಾಯವಿದೆ.

ಬಾಯಿ ತೆರೆದದ್ದು ತೆರೆದಂತೆಯೇ ಸಿಕ್ಕಿಕೊಂಡರೆ, ಮುಚ್ಚಲು ಬಲ ಹಾಕಬೇಡಿ. ಮನೆಯವರು ಒತ್ತಿ ಕೂರಿಸಲು ಹೋಗಬಾರದು. ಆಸ್ಪತ್ರೆಯಲ್ಲಿ ಡಾಕ್ಟರು ಕೆಳದವಡೆಯನ್ನು ಕೆಳಕ್ಕೊತ್ತಿ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ. ಅದೊಂದು ಕೈಚಳಕ, ಕಲಿತವರೇ ಮಾಡಬೇಕು.

ಅಡಿಕೆ, ಮಾವಾ, ತಂಬಾಕು ಅಭ್ಯಾಸ ಇರುವವರಿಗೆ

ಇದಕ್ಕೆ ಬೇರೆಯೇ ಜಾಗ ಕೊಡುತ್ತಿದ್ದೇನೆ. ಮುಂಬೈಯಲ್ಲಿರುವ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ಹೋಟೆಲ್ ಕೆಲಸದವರು. ಬೆಳಗಿನ ಐದಕ್ಕೆ ಎದ್ದು ರಾತ್ರಿ ಹನ್ನೊಂದರ ತನಕ ನಿಂತೇ ಇರುವ ಹುಡುಗರು. ನಿದ್ದೆ ಬಾರದಿರಲಿ, ಹಸಿವು ತಿಳಿಯದಿರಲಿ ಎಂದು ಬಾಯಲ್ಲಿ ಏನಾದರೂ ಇಟ್ಟುಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆ ಮತ್ತು ತಂಬಾಕು ಸೇರಿಸಿ ಉಜ್ಜಿದ ಮಾವಾ ಇನ್ನೂ ಎಲ್ಲರ ಜೇಬಿನಲ್ಲಿದೆ.

ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಿಧಾನಕ್ಕೆ ಗಟ್ಟಿಯಾಗುವ ಒಂದು ಕಾಯಿಲೆ ಬರುತ್ತದೆ. ಮೊದಲು ಖಾರ ತಿಂದರೆ ಬಾಯಿ ಉರಿ. ಆಮೇಲೆ ಕೆನ್ನೆಯ ಒಳಗೆ ಬಿಳಚಿದ ಪಟ್ಟಿಗಳು. ತಿಂಗಳುಗಳಲ್ಲಿ ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ವಡಾಪಾವ್ ಕಚ್ಚಲಾಗುವುದಿಲ್ಲ, ಪಾನಿಪುರಿ ಬಾಯಿಗೆ ಹೋಗುವುದಿಲ್ಲ. ಕಿವಿಯೂ ನೋಯಬಹುದು. ಇದು ಕೀಲಿನ ತೊಂದರೆಯಲ್ಲ, ಇದರ ದಾರಿಯೇ ಬೇರೆ. ಕೆಲವರಲ್ಲಿ ಇದು ಕ್ಯಾನ್ಸರ್‌ಗೆ ತಿರುಗುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ. ಅಡಿಕೆ ಬೆಳೆಯುವ ಊರಿನಿಂದ ಬಂದ ನಮಗೆ ಈ ಮಾತು ಹೇಳಲೂ ಕಷ್ಟ, ಕೇಳಲೂ ಕಷ್ಟ. ಆದರೂ ಹೇಳಲೇಬೇಕು.

ಎರಡು ವಾರ ದಾಟಿದರೂ ಮಾಯದ ಬಾಯಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ನುಂಗಲು ಕಷ್ಟ, ದನಿ ಒಡೆದದ್ದು, ಇದರ ಜೊತೆಗೆ ಒಂದೇ ಕಿವಿ ನೋವು. ಇಷ್ಟರಲ್ಲಿ ಯಾವುದಾದರೂ ಇದ್ದರೆ ನಾಳೆಗೆ ಬಿಡಬೇಡಿ. ಬಾಯಿ, ಗಂಟಲಿನ ಕ್ಯಾನ್ಸರ್ ಕೂಡ ಮೊದಲು ಕಿವಿ ನೋವಾಗಿಯೇ ಕಾಣಿಸಬಹುದು. ಹತ್ತಿರದ ಡೆಂಟಲ್ ಆಸ್ಪತ್ರೆಯಲ್ಲೋ ಇಎನ್‌ಟಿ ಡಾಕ್ಟರ ಬಳಿಯೋ ಬಾಯಿಯೊಳಗೆ ತೋರಿಸಿ. ಬೇಕಾದರೆ ಅವರೇ ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುತ್ತಾರೆ.

ಹೆಜ್ಜೆ 1: ಕನ್ನಡಿ ಮುಂದೆ ಹತ್ತು ನಿಮಿಷ

ಮೇಲಿನದು ಯಾವುದೂ ಇಲ್ಲ ಅಂದರೆ, ಕನ್ನಡಿ ಮುಂದೆ ನಿಲ್ಲಿ. ಒಂದು ಪೆನ್ನು, ಕಾಗದ ಇರಲಿ.

ಮೊದಲು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ನೋವು ಚುಚ್ಚಿ ಜಾಸ್ತಿಯಾದರೆ ಕಿವಿಯ ಕೊಳವೆಯಲ್ಲೇ ಸೋಂಕು ಇರುವ ಸಾಧ್ಯತೆ ಹೆಚ್ಚು. ಮುಂಬೈ ಮಳೆಗಾಲದ ತೇವದಲ್ಲಿ ಇದು ಸಾಮಾನ್ಯ. ಎಳೆದರೆ ಏನೂ ಆಗದೆ, ಅಗಿಯುವಾಗ ಅಥವಾ ಆಕಳಿಸುವಾಗ ಜಾಸ್ತಿಯಾದರೆ ಕೀಲಿನ ಕಡೆ ನೋಡಿ.

ಕಿವಿಗಳ ಮುಂದೆ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆರೆದು ಮುಚ್ಚಿ. ಎರಡೂ ಕಡೆ ಸಮವಾಗಿ ಜಾರುತ್ತದೆಯೇ? ಕಟ್ ಅನ್ನುತ್ತದೆಯೇ? ಮರಳು ತಿಕ್ಕಿದ ಹಾಗೆ ಸದ್ದು ಬರುತ್ತದೆಯೇ? ಬರೆದಿಡಿ. ನೋವಿಲ್ಲದ ಬರೀ ಕಟ್ ಸದ್ದಿಗೆ ಹೆದರಬೇಡಿ. ತುಂಬಾ ಜನರಿಗೆ ಇರುತ್ತದೆ, ಅದಕ್ಕೆ ಚಿಕಿತ್ಸೆ ಬೇಡ. ಸದ್ದು ಬರುತ್ತದಾ ಎಂದು ದಿನಾ ಬೇಕೆಂದೇ ಆಡಿಸಿ ನೋಡುವ ಚಟ ಮಾತ್ರ ಬೇಡ.

ಈಗ ಗಲ್ಲದ ನಡುಭಾಗವನ್ನು ಗಮನಿಸಿ. ಬಾಯಿ ತೆರೆಯುವಾಗ ಅದು ನೇರ ಇಳಿಯುತ್ತದೆಯೇ, ಒಂದು ಬದಿಗೆ ವಾಲುತ್ತದೆಯೇ? ಕೀಲು ಬಿಗಿದಿದ್ದರೆ ಸಾಮಾನ್ಯವಾಗಿ ಆ ಬದಿಗೇ ವಾಲುತ್ತದೆ.

ಆಮೇಲೆ ಮೂರು ಬೆರಳಿನ ಅಳತೆ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಿ. ದೊಡ್ಡವರಲ್ಲಿ ಬಾಯಿ ಸುಮಾರು 40ರಿಂದ 55 ಮಿಲಿಮೀಟರ್ ತೆರೆಯುತ್ತದೆ. ಮೂರು ಬೆರಳು ಆರಾಮಾಗಿ ಹೋದರೆ ಸರಿ. ಎರಡೇ ಹೋದರೆ ಡಾಕ್ಟರಿಗೆ ತೋರಿಸಿ. ನಿನ್ನೆ ತನಕ ಮೂರು ಹೋಗುತ್ತಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ಎರಡಾದರೆ, ಡಿಸ್ಕ್ ಜಾಗ ತಪ್ಪಿ ಅಡ್ಡ ನಿಂತಿರಬಹುದು. ಆಗ ಕೆಲವು ದಿನಗಳೊಳಗೆ ತೋರಿಸಿ, ತಿಂಗಳುಗಟ್ಟಲೆ ಕಾಯಬೇಡಿ.

ಕೊನೆಗೆ ಕೆನ್ನೆಯ ಸ್ನಾಯುವನ್ನೂ ಕಪಾಲದ ಪಕ್ಕವನ್ನೂ ಎರಡು ಬೆರಳಿನಿಂದ ಒತ್ತಿ, ಐದು ಸೆಕೆಂಡ್ ಹಿಡಿಯಿರಿ. ಜೋರಾಗಿ ಒತ್ತಿದರೆ ಎಲ್ಲರಿಗೂ ನೋಯುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಒತ್ತಿದಾಗ ಬಂದದ್ದು ನಿಮ್ಮ ಅದೇ ಹಳೆಯ ನೋವೇ? ಕೆನ್ನೆ ಒತ್ತಿದರೆ ಕಿವಿಯೊಳಗೆ ಹೊಡೆಯುತ್ತದೆಯೇ? ನನಗೆ ಹಾಗೆಯೇ ಆಗುತ್ತಿತ್ತು. ಇದನ್ನು ಡಾಕ್ಟರಿಗೆ ಹೇಳಿ. ಅವರಿಗೆ ಇದಕ್ಕಿಂತ ಒಳ್ಳೆ ಸುಳಿವು ಇಲ್ಲ.

ಹೆಜ್ಜೆ 2: ಒಂದು ವಾರದ ಲೆಕ್ಕ

ಫೋನಿನಲ್ಲೇ ಬರೆದಿಡಿ: ನೋವು ಎಷ್ಟು ಹೊತ್ತಿಗೆ ಬಂತು, ಆಗ ಏನು ಮಾಡುತ್ತಿದ್ದಿರಿ. ಬೆಳಿಗ್ಗೆ ಏಳುವಾಗಲೇ ದವಡೆ ಬಿಗಿದು ತಲೆ ಭಾರವಾಗಿದ್ದರೆ ರಾತ್ರಿ ಹಲ್ಲು ಕಡಿಯುತ್ತಿರಬಹುದು. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಕರಕರ ಸದ್ದು ಅವರಿಗೆ ಗೊತ್ತಿರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ನೋವು ಏರಿದರೆ, ಹಗಲಿನಲ್ಲೇ ಎಲ್ಲೋ ಹಲ್ಲು ಬಿಗಿ ಹಿಡಿಯುತ್ತಿರಬಹುದು.

ನನ್ನದು ಸಂಜೆಯ ನೋವು. ಲೆಕ್ಕ ಬರೆದಾಗ ಜಾಗಗಳು ಒಂದೊಂದೇ ಕಂಡವು. 8.12ರ ಲೋಕಲ್‌ಗೆ ನುಗ್ಗುವಾಗ ಹಲ್ಲು ಕಚ್ಚಿ ನುಗ್ಗುತ್ತಿದ್ದೆ, ಠಾಣೆ ದಾಟಿದರೂ ಅದು ಸಡಿಲವಾಗುತ್ತಿರಲಿಲ್ಲ. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದರಲ್ಲಿ ಬ್ಯಾಗು, ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ ಮಾತು. ಆಫೀಸಿನಲ್ಲಿ ಎಡಗೈಗೆ ಗಲ್ಲ ಊರಿ ಕಂಪ್ಯೂಟರ್ ನೋಡುವುದು. ಸಂಜೆ ನಿದ್ದೆ ತಡೆಯಲು ಚೂಯಿಂಗ್ ಗಮ್. ಒಂದೊಂದೂ ಸಣ್ಣದೇ. ಆದರೆ ಎಲ್ಲವೂ ಎಡಗಡೆಯ ಕೀಲಿನ ಮೇಲೇ ಬೀಳುತ್ತಿತ್ತು.

ಹೆಜ್ಜೆ 3: ಹಲ್ಲು ಹಲ್ಲಿಗೆ ತಾಗದಿರಲಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಕೂತಿರಬೇಕು ಎಂದು ನಾನು ನಂಬಿದ್ದೆ. ಅದು ತಪ್ಪು. ಹಲ್ಲುಗಳು ಸೇರಬೇಕಾದ್ದು ಅಗಿಯುವಾಗ, ನುಂಗುವಾಗ. ಉಳಿದ ಹೊತ್ತೆಲ್ಲ ತುಟಿ ಸೇರಿರಬೇಕು, ಹಲ್ಲು ಬಿಟ್ಟಿರಬೇಕು.

ಇದನ್ನು ಕಲಿಯಲು ಕನ್ನಡದಲ್ಲೇ ಒಳ್ಳೆಯ ಉಪಾಯವಿದೆ. ಮೆಲ್ಲಗೆ 'ಅಮ್ಮ' ಅನ್ನಿ. ಎರಡನೇ ಸಲ 'ಅಮ್‌' ಎಂದು ಅಲ್ಲಿಯೇ ನಿಲ್ಲಿಸಿ. ತುಟಿ ಮುಚ್ಚಿದೆ, ಹಲ್ಲುಗಳ ನಡುವೆ ಸಂದು ಇದೆ. ದವಡೆ ತೂಗುಬಿಟ್ಟ ಹಾಗೆ ಸಡಿಲವಾಗಿದೆ. ಈಗ 'ಲ' ಅನ್ನಲು ನಾಲಿಗೆಯ ತುದಿ ಎಲ್ಲಿ ತಾಗುತ್ತದೋ, ಮೇಲಿನ ಮುಂಹಲ್ಲುಗಳ ಹಿಂದೆ, ಅಲ್ಲಿ ಅದನ್ನು ಹಗುರವಾಗಿ ಇಡಿ. ಒತ್ತಬೇಡಿ. ಮೂಗಿನಿಂದ ಉಸಿರಾಡಿ. ಭುಜ ಇಳಿಸಿ. ದವಡೆಯ ವಿಶ್ರಾಂತಿ ಅಂದರೆ ಇದೇ.

ಕಲಿಯುವುದು ಸುಲಭ, ನೆನಪಿಡುವುದು ಕಷ್ಟ. ಹಾಗಾಗಿ ದಿನದಲ್ಲಿ ಹತ್ತಾರು ಸಲ ತಾನಾಗಿ ಬರುವ ಯಾವುದಾದರೂ ಗುರುತಿಗೆ ಕಟ್ಟಿಕೊಳ್ಳಿ. ನಾನು ಲೋಕಲ್‌ನ ಅನೌನ್ಸ್‌ಮೆಂಟ್‌ಗೆ ಕಟ್ಟಿಕೊಂಡೆ. 'ಪುಢೀಲ ಸ್ಟೇಶನ್' ಎಂದು ಕೇಳಿದಾಗಲೆಲ್ಲ ಮನಸ್ಸಿನಲ್ಲೇ 'ಅಮ್‌'. ಘಾಟ್‌ಕೋಪರ್, ಕುರ್ಲಾ, ದಾದರ್, ಭಾಯ್‌ಖಳಾ. ಮೊದಲ ವಾರ ಪ್ರತಿ ಸ್ಟೇಶನ್‌ನಲ್ಲೂ ಹಲ್ಲು ಬಿಗಿದೇ ಇರುತ್ತಿತ್ತು. ಮೂರನೇ ವಾರಕ್ಕೆ ದಾದರ್ ತನಕ ಸಡಿಲವಾಗೇ ಬಂದ ದಿನ ನನಗಾದ ಸಂತೋಷ ಹೇಳಲಾರೆ. ರಸ್ತೆಯಲ್ಲಿ ಓಡಾಡುವವರು ಸಿಗ್ನಲ್‌ಗೆ ಕಟ್ಟಿಕೊಳ್ಳಬಹುದು. ಮನೆಯಲ್ಲಿರುವವರಿಗೆ ಕುಕ್ಕರ್ ಸೀಟಿ ಇದೆ. ಕಂಪ್ಯೂಟರ್ ಪರದೆಯ ಮೂಲೆಗೆ ಒಂದು ಬಣ್ಣದ ಸ್ಟಿಕ್ಕರ್ ಅಂಟಿಸಿದರೂ ಆಯಿತು.

ಹೆಜ್ಜೆ 4: ಊಟ

ಎರಡು ವಾರ ದವಡೆಗೆ ಕೆಲಸ ಕಡಿಮೆ ಮಾಡಿ. ಬರೀ ಗಂಜಿ, ಜ್ಯೂಸ್ ಎಂದು ಉಪವಾಸ ಬೀಳಬೇಡಿ. ಸಣ್ಣ ತುತ್ತು, ಮೆತ್ತನೆ ಊಟ, ಎರಡೂ ಕಡೆ ಅಗಿಯುವುದು. ಇಷ್ಟು ಸಾಕು.

ನಮ್ಮ ಅಡುಗೆಯೇ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೀರುದೋಸೆ, ಇಡ್ಲಿ, ಶಾವಿಗೆ, ಮೊಸರನ್ನ, ಬಿಸಿಬೇಳೆಬಾತ್, ಪೊಂಗಲ್, ಮೆತ್ತಗೆ ಬೇಯಿಸಿದ ಪಲ್ಯ, ಮೀನು ಸಾರು, ಮೊಟ್ಟೆ. ಮೈಸೂರು ಕಡೆಯವರಿಗೆ ರಾಗಿಮುದ್ದೆ ಇದೆ. ಅದನ್ನು ಅಗಿಯುವುದೇ ಇಲ್ಲ, ಸಾರಲ್ಲಿ ಅದ್ದಿ ನುಂಗುವುದು. ದವಡೆಗೆ ಅದಕ್ಕಿಂತ ರಜೆ ಬೇಕೇ? ಬೇಳೆ, ಮೊಸರು ಬಿಡಬೇಡಿ, ಮೆತ್ತನೆ ಊಟದಲ್ಲಿ ಪ್ರೋಟೀನ್ ಕಡಿಮೆಯಾಗುತ್ತದೆ.

ಬಿಡಬೇಕಾದ್ದು: ಚಕ್ಕುಲಿ, ಕೋಡುಬಳೆ, ಚಿಕ್ಕಿ, ಹುರಿಗಡಲೆ, ಇರಾನಿ ಹೋಟೆಲಿನ ಗಟ್ಟಿ ಬ್ರುನ್ ಪಾವ್, ಕಬ್ಬು, ಗಟ್ಟಿ ಮಟನ್, ಚೂಯಿಂಗ್ ಗಮ್. ದೊಡ್ಡ ಬರ್ಗರ್, ಇಡೀ ಸೇಬು ಕಚ್ಚಬೇಡಿ, ಕತ್ತರಿಸಿ ತಿನ್ನಿ. ವಡಾಪಾವನ್ನು ಮುರಿದು ತಿಂದರೆ ತೊಂದರೆ ಇಲ್ಲ.

ಹೆಜ್ಜೆ 5: ಶಾಖ, ಮಾತ್ರೆ, ವ್ಯಾಯಾಮ

ಬಿಗಿದ ಸ್ನಾಯುವಿಗೆ ಶಾಖ ಹಿತ. ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈ ಮೇಲೆ ಬಿಸಿ ನೋಡಿಕೊಂಡು, ಕೆನ್ನೆಗೂ ಕಿವಿಯ ಮುಂದಕ್ಕೂ 10ರಿಂದ 15 ನಿಮಿಷ ಇಡಿ. ದಿನಕ್ಕೆ ಎರಡು ಸಲ. ಆಮೇಲೆ ಕೆನ್ನೆಯ ಸ್ನಾಯುವನ್ನು ಬೆರಳ ತುದಿಯಿಂದ ಸುತ್ತುಸುತ್ತಾಗಿ ಮೆಲ್ಲಗೆ ನೀವಿ. ಪೆಟ್ಟು ಬಿದ್ದು ಆಗಷ್ಟೇ ಊದಿದ್ದರೆ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ.

ಕಿವಿಗೆ ಎಣ್ಣೆ ಬಿಡಬೇಡಿ. ನೋವು ಕೀಲಿನಲ್ಲಿದ್ದರೆ ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ಕಿವಿಯ ತಮಟೆಯಲ್ಲಿ ತೂತಿದ್ದರೆ ಅಥವಾ ಎಣ್ಣೆ ಬಿಸಿ ಜಾಸ್ತಿಯಾದರೆ ಒಳ್ಳೆಯ ಕಿವಿಯೂ ಕೆಡುತ್ತದೆ. ಅಮ್ಮನಿಗೆ ಇದನ್ನು ವಿವರಿಸಿ ಹೇಳಿದಾಗ ಒಪ್ಪಿಕೊಂಡರು. ಈಗ ಅವರೇ ಫೋನಿನಲ್ಲಿ "ಹಲ್ಲು ಕಚ್ಚಬೇಡ" ಎಂದು ನೆನಪಿಸುತ್ತಾರೆ.

ನೋವು ಜೋರಿದ್ದ ಕೆಲವು ದಿನಗಳ ಮಟ್ಟಿಗೆ ಪ್ಯಾರಾಸಿಟಮಾಲ್ ಸಾಕಾಗಬಹುದು. ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ, ಅಸ್ತಮಾ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಕೆಮಿಸ್ಟ್‌ನಿಂದ ಆಂಟಿಬಯೋಟಿಕ್ ತಂದು ನುಂಗುವುದು ಬೇಡವೇ ಬೇಡ. ಕೀಲಿನ ನೋವಿಗೆ ಅದು ಏನೂ ಮಾಡುವುದಿಲ್ಲ.

ವ್ಯಾಯಾಮಗಳಲ್ಲಿ ಮನೆಯಲ್ಲೇ ಧೈರ್ಯವಾಗಿ ಮಾಡಬಹುದಾದ್ದು ಒಂದು. ನಾಲಿಗೆಯ ತುದಿಯನ್ನು ಆ 'ಲ' ಜಾಗದಲ್ಲೇ ಇಟ್ಟುಕೊಂಡು, ಅದು ಬಿಟ್ಟು ಬರದಷ್ಟೇ ಬಾಯಿ ತೆರೆಯಿರಿ. ಕನ್ನಡಿ ನೋಡಿಕೊಂಡು, ಗಲ್ಲ ನೇರ ಇಳಿಯುವಂತೆ. ಒಂದು ಸಲಕ್ಕೆ ಆರು, ದಿನಕ್ಕೆ ನಾಲ್ಕೈದು ಸಲ. ನಾಲಿಗೆ ಮೇಲಿದ್ದರೆ ದವಡೆ ಮಿತಿ ಮೀರಿ ಜಾರುವುದಿಲ್ಲ. ಮಾಡಿದ ಮೇಲೆ ನೋವು ಏರಿದರೆ ನಿಲ್ಲಿಸಿ. ಉಳಿದ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಕೈಯಲ್ಲಿ ಕಲಿಯಿರಿ. ಕುತ್ತಿಗೆಯನ್ನೂ ನೋಡುವವರಾದರೆ ಇನ್ನೂ ಒಳ್ಳೆಯದು.

ಆಕಳಿಕೆ ಬಂದಾಗ ಮುಷ್ಟಿಯನ್ನು ಗಲ್ಲದ ಕೆಳಗೆ ಇಟ್ಟು ತಡೆಯಿರಿ. ಬೋರಲು ಮಲಗಬೇಡಿ, ಕೈಯನ್ನು ದವಡೆಯ ಕೆಳಗೆ ಇಟ್ಟು ಮಲಗಬೇಡಿ. ಫೋನಿಗೆ ಇಯರ್‌ಫೋನ್ ಹಾಕಿಕೊಳ್ಳಿ.

ಹೆಜ್ಜೆ 6: ಯಾರ ಬಳಿ ಹೋಗಬೇಕು?

ಮೊದಲು ಇಎನ್‌ಟಿ. ದವಡೆಯದ್ದೇ ಎಂದು ನಿಮಗೆ ಅನ್ನಿಸಿದರೂ ಒಮ್ಮೆ ಕಿವಿ, ಗಂಟಲು ತೋರಿಸಿ. ಚಿಕ್ಕ ಮಕ್ಕಳ ಕಿವಿ ನೋವು ಬಹುಪಾಲು ಕಿವಿಯದ್ದೇ ಆಗಿರುತ್ತದೆ, ಅವರನ್ನು ನೇರ ಡಾಕ್ಟರ ಬಳಿ ಕರೆದೊಯ್ಯಿರಿ.

ಕಿವಿ ಸರಿ ಇದ್ದರೆ ಹಲ್ಲಿನ ಡಾಕ್ಟರು. ಕೆಳಗಿನ ದವಡೆಹಲ್ಲು ಹುಳುಕಾಗಿದ್ದರೆ, ಇಲ್ಲಿ ಎಲ್ಲರೂ 'ಅಕ್ಕಲ್ ದಾಢ್' ಅನ್ನುವ ಬುದ್ಧಿ ಹಲ್ಲು ಅಡ್ಡ ಬೆಳೆದಿದ್ದರೆ, ಅದರ ನೋವೂ ಕಿವಿಗೇ ಹೊಡೆಯುತ್ತದೆ. ಇಡೀ ದವಡೆಯ ಒಂದು ಎಕ್ಸ್‌ರೇ ತೆಗೆಸುತ್ತಾರೆ, ಅದನ್ನು ಒಪಿಜಿ ಅನ್ನುತ್ತಾರೆ. ಡಿಸ್ಕ್ ನೋಡಬೇಕಾದರೆ ಎಂಆರ್‌ಐ ಬೇಕು. ಆದರೆ ಎಲ್ಲರಿಗೂ ಅದು ಬೇಡ. ಮೊದಲ ಭೇಟಿಯಲ್ಲೇ ಎಂಆರ್‌ಐ ಹೇಳಿದರೆ, ಅದರಿಂದ ಚಿಕಿತ್ಸೆ ಏನು ಬದಲಾಗುತ್ತದೆ ಎಂದು ವಿನಯದಿಂದ ಕೇಳಿ.

ಹಲ್ಲಿನ ಡಾಕ್ಟರುಗಳಲ್ಲೂ ಈ ಕೀಲನ್ನು ಹೆಚ್ಚು ಬಲ್ಲವರು ಓರಲ್ ಮೆಡಿಸಿನ್ (ಬಾಯಿಯ ಕಾಯಿಲೆಗಳು) ಮತ್ತು ಮ್ಯಾಕ್ಸಿಲೋಫೇಶಿಯಲ್ (ಮುಖ, ದವಡೆಯ ಸರ್ಜರಿ) ವಿಭಾಗದವರು. ಡೆಂಟಲ್ ಕಾಲೇಜುಗಳಲ್ಲಿ ಈ ವಿಭಾಗಗಳು ಇರುತ್ತವೆ. ಮುಂಬೈಯಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಸಿಎಸ್‌ಎಂಟಿ (ಹಳೆಯ ವಿಟಿ) ಸ್ಟೇಶನ್ ಹತ್ತಿರ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿದೆ. ಮಹಾನಗರಪಾಲಿಕೆಯ ನಾಯರ್ ಡೆಂಟಲ್ ಕಾಲೇಜು ಮುಂಬೈ ಸೆಂಟ್ರಲ್ ಬಳಿ ಇದೆ. ಸೆಂಟ್ರಲ್ ಲೈನಿನವರಿಗೆ ಮೊದಲನೆಯದು, ವೆಸ್ಟರ್ನ್ ಲೈನಿನವರಿಗೆ ಎರಡನೆಯದು ಅನುಕೂಲ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಖರ್ಚು ಖಾಸಗಿ ಕ್ಲಿನಿಕ್‌ಗಿಂತ ತುಂಬಾ ಕಡಿಮೆ. ಕ್ಯೂ ಉದ್ದ ಇರುತ್ತದೆ, ಅರ್ಧ ದಿನ ರಜೆ ಹಾಕಿಯೇ ಹೋಗಿ.

ಹೊಸದಾಗಿ ಊರಿಂದ ಬಂದವರಿಗೆ ಭಾಷೆಯ ಅಳುಕು ಇರುತ್ತದೆ. ಮರಾಠಿಯಲ್ಲಿ 'ಜಬಡಾ' ಅಂದರೆ ದವಡೆ. "ಕಾನ ದುಖತೋ, ಚಾವತಾನಾ ಜಾಸ್ತ ದುಖತೋ" ಅಂದರೆ ಕಿವಿ ನೋಯುತ್ತದೆ, ಅಗಿಯುವಾಗ ಜಾಸ್ತಿ ಎಂದು. ಇಷ್ಟು ಹೇಳಿ ಕಿವಿಯ ಮುಂದೆ ಬೆರಳು ತೋರಿಸಿದರೆ ಸಾಕು. ಒಂದು ವಾರದ ಲೆಕ್ಕ, ಈವರೆಗಿನ ಚೀಟಿಗಳು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಹಲ್ಲಿನ ಕೆಲಸಕ್ಕೆ ತುಂಬಾ ಹೊತ್ತು ಬಾಯಿ ತೆರೆಯಬೇಕಾದರೆ, ನಡುನಡುವೆ ಬಿಡುವು ಕೊಡಿ ಎಂದು ಮೊದಲೇ ಹೇಳಿಬಿಡಿ.

ಹೆಜ್ಜೆ 7: ಒಪ್ಪುವ ಮುಂಚೆ ಕೇಳಿ

ರಾತ್ರಿ ಹಾಕಿಕೊಳ್ಳುವ ಗಾರ್ಡ್ ಅಥವಾ ಸ್ಪ್ಲಿಂಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವ ಗಟ್ಟಿ ಸ್ಪ್ಲಿಂಟ್ ಹಲ್ಲು ಸವೆಯದಂತೆ ಕಾಪಾಡುತ್ತದೆ. ನೋವನ್ನು ಅದೊಂದೇ ವಾಸಿ ಮಾಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ. 2023ರ ಕೊನೆಯಲ್ಲಿ ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ತುಂಬಾ ದಿನದಿಂದ ದವಡೆ ನೋವಿರುವವರಿಗೆ ಏನು ಮಾಡಬೇಕು ಎಂಬ ಸಲಹೆಗಳು ಬಂದವು. ಅದರಲ್ಲಿ ಮುಂದೆ ಇಟ್ಟದ್ದು ದವಡೆಯ ವ್ಯಾಯಾಮ, ಫಿಸಿಯೋಥೆರಪಿ, ಭಂಗಿ ತಿದ್ದಿಕೊಳ್ಳುವುದು, ಮತ್ತು ಒತ್ತಡವನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ. ಸ್ಪ್ಲಿಂಟ್‌ಗೆ ಅಲ್ಲಿ ಮುಂದಿನ ಸಾಲು ಸಿಗಲಿಲ್ಲ. ಆನ್‌ಲೈನ್‌ನಲ್ಲಿ ಸಿಗುವ, ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚುವ ಗಾರ್ಡ್‌ಗಳನ್ನು ನೀವೇ ತರಿಸಿಕೊಳ್ಳಬೇಡಿ. ಸರಿಯಾಗಿ ಕೂರದ ಗಾರ್ಡ್‌ನಿಂದ ಹಲ್ಲುಗಳು ಸರಿಯಬಹುದು, ಕೆಲವರು ಅದನ್ನೇ ಕಚ್ಚಲು ಶುರು ಮಾಡುತ್ತಾರೆ.

ಮಾತಿನ ಚಿಕಿತ್ಸೆ ಅಂದಕೂಡಲೇ "ನನಗೇನು ತಲೆ ಕೆಟ್ಟಿದೆಯಾ" ಎಂದು ನೊಂದುಕೊಳ್ಳಬೇಡಿ. ಮನೆಯ ಕಂತು, ಮಕ್ಕಳ ಪರೀಕ್ಷೆ, ಊರಲ್ಲಿ ವಯಸ್ಸಾದ ತಂದೆತಾಯಿ, ಇದೆಲ್ಲ ಹೊತ್ತು ನಿಂತ ಮೈ ಎಲ್ಲೋ ಒಂದು ಕಡೆ ಬಿಗಿಯುತ್ತದೆ. ಕೆಲವರಿಗೆ ಹೆಗಲು, ಕೆಲವರಿಗೆ ದವಡೆ. ನೋವು ನಿಜವಾದದ್ದೇ. ಬಿಗಿ ಸಡಿಲಿಸಲು ಕಲಿಯುವುದೂ ನಿಜವಾದ ಔಷಧವೇ.

ಮತ್ತೆ ಮೊದಲಿನಂತೆ ಮಾಡಲಾಗದ ಚಿಕಿತ್ಸೆಗೆ ಅವಸರದಲ್ಲಿ ಹೂಂ ಅನ್ನಬೇಡಿ. ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿಯನ್ನು ಸರಿಮಾಡಲು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸವೆಸುವುದು, ನೋವಿಗೆಂದೇ ಕ್ಲಿಪ್ ಹಾಕಿಸುವುದು, ಕೀಲಿನ ಆಪರೇಷನ್, ಇವೆಲ್ಲಕ್ಕೂ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಕೀಲಿನೊಳಗೆ ಟೆಫ್ಲಾನ್ ಸೇರಿಸಿದ ಕೃತಕ ತುಣುಕುಗಳನ್ನು ಕೂರಿಸಿದರು. ಅವು ಒಳಗೇ ಪುಡಿಯಾಗಿ ಎಷ್ಟೋ ಜನರ ಮೂಳೆಯೇ ಸವೆಯಿತು. ಕೊನೆಗೆ ಸರ್ಕಾರವೇ ಎಚ್ಚರಿಕೆ ಹೊರಡಿಸಬೇಕಾಯಿತು. ಆಪರೇಷನ್ ನಿಜಕ್ಕೂ ಬೇಕಾದವರು ಇದ್ದಾರೆ, ಆದರೆ ಅವರು ಕೆಲವೇ ಜನ.

ಹೆಜ್ಜೆ 8: ನೋವು ಇಳಿದ ಮೇಲೆ

ಇಷ್ಟು ಮಾಡಿದರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ನನಗೆ ಆರು ವಾರ ಬೇಕಾಯಿತು. ನಡುವೆ ಎರಡು ಸಲ ಮರಳಿ ಬಂತು, ಒಮ್ಮೆ ಬ್ಯಾಂಕಿನ ವರ್ಷಾಂತ್ಯದ ಕೆಲಸದಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಕೂತ ಮೇಲೆ. ಹಾಗೆ ಬಂದಾಗ ಎಲ್ಲ ಮೊದಲಿನಿಂದ ಎಂದು ಕುಗ್ಗಬೇಡಿ. ಎರಡು ಮೂರು ದಿನ ಮೆತ್ತನೆ ಊಟ, ಶಾಖ, 'ಅಮ್‌'. ಅಷ್ಟಕ್ಕೆ ಇಳಿಯುತ್ತದೆ. ಮೂರು ಬೆರಳಿನ ಅಳತೆಯನ್ನು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಆರು ವಾರ ಶ್ರದ್ಧೆಯಿಂದ ಮಾಡಿದರೂ ಏನೂ ಬದಲಾಗದಿದ್ದರೆ ಮತ್ತೆ ಡಾಕ್ಟರ ಬಳಿ ಹೋಗಿ, ಕಾರಣ ಬೇರೆ ಇರಬಹುದು.

ಗಟ್ಟಿ ತಿನಿಸನ್ನು ಒಂದೊಂದಾಗಿ ಮರಳಿ ತನ್ನಿ. ಮೊದಲು ಚಪಾತಿ, ಒಂದು ವಾರ ಬಿಟ್ಟು ಸೌತೆಕಾಯಿ, ಕ್ಯಾರೆಟ್. ಆಮೇಲೆ ಚಕ್ಕುಲಿ, ಅದೂ ಮುರಿದು. ಕೆಂಡದ ಮೇಲೆ ಸುಟ್ಟ ಭುಟ್ಟಾ (ಮೆಕ್ಕೆಜೋಳದ ತೆನೆ) ಇಲ್ಲದೆ ಮುಂಬೈಯಲ್ಲಿ ಮಳೆಗಾಲ ಕಳೆಯುವುದು ಕಷ್ಟ, ನನಗೆ ಗೊತ್ತು. ಮಾರುವ ಭಯ್ಯಾನಿಗೆ "ದಾಣೆ ನಿಕಾಲ್‌ಕೆ ದೋ" ಅನ್ನಿ. ಕಾಳು ಬಿಡಿಸಿ, ಉಪ್ಪು ಖಾರ ಲಿಂಬೆ ಹಚ್ಚಿ ಕಾಗದದಲ್ಲಿ ಕೊಡುತ್ತಾನೆ. ಎರಡೆರಡೇ ಕಾಳು, ಎರಡೂ ಕಡೆ ಅಗಿದು ತಿನ್ನಿ.